ನಂಜಪ್ಪನವರ ಮೆಟ್ಟಿಲ ಕೆಳಗಿನ ಸೈಕಲ್ ಮಹಾಶಯರ ಸನ್ನಿಧಿಗೆ

ಮಾನ್ಯ ಸೈಕಲ್ ಮಹಾಶಯರೇ,

ಪೀಣ್ಯದ ಪುಟ್ಟ ಕಾರ್ಖಾನೆಯೊಂದರಲ್ಲಿ ದಿನವಿಡೀ ಸ್ವಿಚ್‌ಬೋರ್ಡುಗಳಿಗೆ ಸ್ಕ್ರೂ ಬಿಗಿಯುವ, ನಾಗಸಂದ್ರದ ನಂಜಪ್ಪನವರ ವಠಾರದಲ್ಲಿ ಗೆಳತಿ ಸವಿತಾಳೊಂದಿಗೆ ಬಾಡಿಗೆಗಿರುವ, ಲಿಂಗಸೂಗೂರು ಕಡೆಯ ಮಹಾನಂದಾ ಎಂಬ ನಾನು ತಮ್ಮ ತುಕ್ಕು ಹಿಡಿದ ಪಾದಗಳಿಗೆ, ಅಂದರೆ ಪೆಡಲುಗಳಿಗೆ, ನಮಸ್ಕರಿಸಿ ಬಿನ್ನವಿಸಿಕೊಳ್ಳುತ್ತೇನೆ. ನಾನು ಕ್ಷೇಮ. ತಮ್ಮ ಕ್ಷೇಮಕ್ಕಾಗಿ ನಾನು ಪಟ್ಟ ಪಾಡು ತಮಗೆ ಗೊತ್ತೇ ಇದೆ, ಆದರೂ ನಾಲ್ಕು ಜನಕ್ಕೆ ತಿಳಿಯಲಿ ಎಂದು ಬಹಿರಂಗವಾಗಿ ದೂರುತ್ತಿದ್ದೇನೆ.

ತಾವು ನಂಜಪ್ಪನವರ ತಂದೆಯ ಕಾಲದಲ್ಲಿ ಹಾಲಿನ ಕ್ಯಾನು ಹೊತ್ತು ಮೆರೆದವರು. ಈಚೆಗೆ ಮೆಟ್ಟಿಲ ಕೆಳಗೆ ಹರಿದ ಚಾಪೆ, ಒಡೆದ ಬಕೆಟ್ಟುಗಳ ಸಹವಾಸದಲ್ಲಿ ವಿಶ್ರಾಂತಿ ಪಡೆಯುತ್ತಿದ್ದವರು. ಹಬ್ಬದ ಮುಂಚೆ ಜಾಗ ಖಾಲಿ ಮಾಡಲು ತಮ್ಮನ್ನು ಗುಜರಿಗೆ ಹಾಕುವ ಮಾತು ಬಂದಾಗ ನನ್ನ ಬಾಯಿ ಸುಮ್ಮನಿರಲಾರದೆ ನನಗೇ ಕೊಡಿ ಎಂದುಬಿಟ್ಟಿತು. ನಂಜಪ್ಪನವರು ತಮ್ಮನ್ನೂ ನನ್ನನ್ನೂ ಒಂದೇ ನೋಟದಲ್ಲಿ ಅಳೆದು, "ಆಯುಧ ಪೂಜೆ ದಿನ ಗೇಟಿಂದ ಅಶ್ವತ್ಥಕಟ್ಟೆ ಗಂಟ ಓಡಿಸ್ಕೊಂಡು ವಾಪಸ್ ಬಾಮ್ಮ, ಗಾಡಿ ನಿಂದೇ. ಇಲ್ಲಾಂದ್ರೆ ಗುಜರಿಯೋನು ತಗೊಂಡೋಯ್ತಾನೆ" ಎಂದರು. ನಾನು ಸೈಕಲ್ ಹೊಡೆಯಲು ಕಲಿತದ್ದು ಸೋದರಮಾವನ ಗಾಡಿಯ ಮೇಲೆ. ಚಕ್ರವಿರುವ ಯಾವುದೂ ಇದುವರೆಗೆ ನನ್ನದಾಗಿಲ್ಲ. ಶೇರ್ ಆಟೋದ ಅರ್ಧ ಸೀಟಿನಲ್ಲಿ ಮುದುರಿ ಕೂತು, ಅದು ಹೋದ ದಾರಿಯಲ್ಲೇ ಹೋಗುವ ನನಗೆ, ಸಂಜೆ ನನ್ನಿಷ್ಟದ ರಸ್ತೆಗೆ ಹ್ಯಾಂಡಲ್ ತಿರುಗಿಸುವುದನ್ನು ನೆನೆದರೇ ಎದೆ ಕುಣಿಯುತ್ತಿತ್ತು.

ತಮ್ಮ ಉದಾರತೆಯನ್ನು ಎಷ್ಟು ಹೊಗಳಿದರೂ ಸಾಲದು. ಟ್ಯೂಬಿನಲ್ಲಿ ತೂತು ಎಲ್ಲಿದೆಯೆಂದು ನೀರಿಗೆ ಅದ್ದಿ ಕೇಳಿದರೆ ತಾವು ಬಕೆಟ್ಟಿನ ತುಂಬ ಗುಳ್ಳೆ ಎಬ್ಬಿಸಿ, ಎಲ್ಲಿಲ್ಲ ಕೇಳು ಎಂದಿರಿ. ಇನ್ನು ತಮ್ಮ ಎಡ ಪೆಡಲು. ಬಲಕ್ಕೆ ತಿರುಗಿಸಿದರೆ ಬಿಗಿ, ಎಡಕ್ಕೆ ತಿರುಗಿಸಿದರೆ ಸಡಿಲ, ಇದನ್ನೇ ನಂಬಿ ಅನ್ನ ತಿನ್ನುವವಳು ನಾನು. ಅದನ್ನು ಬಿಚ್ಚಲು ಒಂದು ಭಾನುವಾರವೆಲ್ಲ ಎಡಕ್ಕೇ ತಿರುಗಿಸಿದೆ. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ, ಪೈಪಿನ ಮೇಲೆ ಸವಿತಾಳನ್ನು ಹತ್ತಿಸಿ ತಿರುಗಿಸಿದೆ. ಎಡ ಪೆಡಲಿನ ಥ್ರೆಡ್ಡು ಮಾತ್ರ ಉಲ್ಟಾ ಎಂದು ಮೊಬೈಲಿನ ವಿಡಿಯೊದಲ್ಲಿ ಯಾರೋ ಪುಣ್ಯಾತ್ಮರು ಹೇಳುವ ಹೊತ್ತಿಗೆ ನಾವಿಬ್ಬರೂ ಸೇರಿ ಅದನ್ನು ಈ ಜನ್ಮಕ್ಕೆ ಬಿಚ್ಚದಷ್ಟು ಬಿಗಿ ಮಾಡಿದ್ದೆವು. ಮುಂದಿನ ಜನ್ಮದಲ್ಲಾದರೂ ತಾವು ಎರಡೂ ಕಾಲು ಒಂದೇ ಕಡೆ ಬಿಚ್ಚುವಂತೆ ಹುಟ್ಟಿ ಬರಬೇಕೆಂದು ಸವಿನಯ ಪ್ರಾರ್ಥನೆ.

ಬೇರಿಂಗಿನ ಗುಂಡುಗಳನ್ನು ಡೀಸೆಲ್ಲಿನಲ್ಲಿ ತೊಳೆದು, ಗ್ರೀಸು ಮೆತ್ತಿ ಕೂರಿಸಿ ಹಿಂದಿನ ಚಕ್ರವನ್ನು ಒಮ್ಮೆ ಬೀಸಿ ಬಿಟ್ಟಾಗ ತಾವು ಟಿಕಿಟಿಕಿ ಎನ್ನುತ್ತ ತಿರುಗಿದ್ದೇ ತಿರುಗಿದ್ದು. ಸವಿತಾ ಒಲೆಯ ಮೇಲಿನ ಅನ್ನ ಸೀಯಲು ಬಿಟ್ಟು ನೋಡುತ್ತ ನಿಂತಳು. ಸೀದ ಅನ್ನವನ್ನು ನಾವಿಬ್ಬರೂ ನಗುತ್ತಲೇ ತಿಂದೆವು.

ಈಗ ಮುಖ್ಯ ದೂರಿಗೆ ಬರುತ್ತೇನೆ. ಹಬ್ಬದ ಬೆಳಿಗ್ಗೆ ತಮ್ಮನ್ನು ಸಿಂಗರಿಸುವ ಸಡಗರದಲ್ಲಿ ಹಿಂದಿನ ಚಕ್ರ ಬಿಚ್ಚಿ ಒರೆಸಿ ಮತ್ತೆ ಕೂರಿಸಿದೆ. ನಟ್ಟುಗಳನ್ನು ಪೂಜೆಯಾದ ಮೇಲೆ ಬಿಗಿ ಮಾಡಿದರಾಯಿತು ಎಂದು, ಇದ್ದ ಒಂದೇ ಸ್ಪ್ಯಾನರನ್ನು ಫಳಫಳ ತಿಕ್ಕಿ, ನಂಜಪ್ಪನವರ ಹೆಂಡತಿ ವೆಂಕಟಮ್ಮನವರ ದೇವರ ಮುಂದೆ ಇಟ್ಟುಬಿಟ್ಟೆ. ಪೂಜೆಗಿಟ್ಟ ಆಯುಧವನ್ನು ಮಾರನೆಯ ದಿನ, ವಿಜಯದಶಮಿಯ ಸಂಜೆಯವರೆಗೆ ಮುಟ್ಟಬಾರದು ಎಂಬುದು ನನಗೆ ನೆನಪಾದದ್ದು ಮಂಗಳಾರತಿ ಮುಗಿದು ಸ್ಪ್ಯಾನರಿಗೆ ಕೈ ಚಾಚಿದಾಗ. "ಎರಡ ನಟ್ಟು ಅಷ್ಟರೀ ಅಕ್ಕಾರ" ಎಂದು ಗೋಗರೆದರೂ ವೆಂಕಟಮ್ಮ ಒಪ್ಪಲಿಲ್ಲ. ಗ್ಯಾರೇಜಿನ ಸ್ಪ್ಯಾನರು, ಪಂಕ್ಚರ್ ಅಂಗಡಿಯ ಸ್ಪ್ಯಾನರು, ಕಾರ್ಖಾನೆಯ ಸ್ಪ್ಯಾನರು, ಹೀಗೆ ಇಡೀ ಪೀಣ್ಯದ ಕಬ್ಬಿಣವೆಲ್ಲ ಕುಂಕುಮ ಇಟ್ಟುಕೊಂಡು ಹೂ ಮುಡಿದು ಕೂತಿತ್ತು. ಅಡುಗೆಮನೆಯ ಇಕ್ಕಳಕ್ಕೂ ಅಂದು ರಜೆ.

ನಂಜಪ್ಪನವರು ಹೊಸ ಪಂಚೆಯುಟ್ಟು ಗೇಟಿನ ಬಳಿ ಕುರ್ಚಿ ಹಾಕಿ ಕೂತಿದ್ದರು. ಚಕ್ರದ ಕೆಳಗಿನ ನಿಂಬೆಹಣ್ಣು ಪಚಕ್ಕೆಂದಿತು, ನಾನು ಹೊರಟೆ. ಕಟ್ಟೆಯವರೆಗೆ ಇಳಿಜಾರು, ಪೆಡಲ್ ತುಳಿಯದೆ, ಉಸಿರೂ ಬಿಡದೆ ಇಳಿದೆ. ತಿರುಗಿ ಏರು ತುಳಿದದ್ದೇ ತಡ, ಹಿಂದಿನ ಚಕ್ರ ಓರೆಯಾಗಿ, ಚೈನು ಕಳಚಿ, ತಾವು ನಡುಬೀದಿಯಲ್ಲಿ ನಿಂತಿರಿ. ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ. ಆಮೇಲೆ ಸಿಟ್ಟು ಬಂತು. ಹೊಸ ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು, ರಸ್ತೆಯಲ್ಲೇ ಕೂತು, ಚಕ್ರವನ್ನು ಮೊಣಕಾಲಿನಿಂದ ಹಿಂದಕ್ಕೆ ಒತ್ತಿ ಹಿಡಿದು, ಸ್ಕ್ರೂ ಬಿಗಿದು ಬಿಗಿದು ಗಡುಸಾದ ಬೆರಳುಗಳಿಂದಲೇ ಎರಡೂ ನಟ್ಟುಗಳನ್ನು ಹಲ್ಲು ಕಚ್ಚಿ ತಿರುಗಿಸಿದೆ, ಚೈನು ಹಲ್ಲಿಗೆ ಕೂರಿಸಿದೆ. ತುಂಬಿದ ಕೊಡ ಹೊತ್ತವಳಂತೆ ಮೆಲ್ಲಗೆ ತುಳಿಯುತ್ತ ಗೇಟಿನೊಳಕ್ಕೆ ಬಂದೇಬಿಟ್ಟೆ.

ನಂಜಪ್ಪನವರು ಕುರ್ಚಿಯಿಂದ ಎದ್ದು, "ನಿಂದೇ ತಗಳಮ್ಮ" ಎಂದರು. ವೆಂಕಟಮ್ಮನವರು ಮಸಿಯಾದ ನನ್ನ ಕೈ ಹಿಡಿದು ನೋಡಿದರು, ಒಳಗೆ ಹೋಗಿ ಕುಂಕುಮದ ಬಟ್ಟಲು ತಂದರು, ಹತ್ತೂ ಬೆರಳಿಗೆ ಒಂದೊಂದಾಗಿ ಕುಂಕುಮ ಇಟ್ಟರು. "ಇವತ್ತು ನಿನ್ನ ಆಯುಧ ಇದೇ ಕಣಮ್ಮ. ಪೂಜೆ ಆಯ್ತು, ಇನ್ನು ನಾಳೆ ಸಾಯಂಕಾಲದ ಗಂಟ ಈ ಕೈಲಿ ಯಾವ ಕೆಲ್ಸನೂ ಮುಟ್ಟಂಗಿಲ್ಲ" ಎಂದರು. ನನಗೆ ನಗು, ಅಳು ಎರಡೂ ಒಟ್ಟಿಗೇ ಬಂದವು.

ಆದಕಾರಣ ತಾವು ಇನ್ನು ಮುಂದೆ ಸ್ವಂತ ಬುದ್ಧಿಯಿಂದ ಎಣ್ಣೆ ಹಾಕಿಕೊಂಡು, ಗಾಳಿ ತುಂಬಿಸಿಕೊಂಡು, ಕಾರ್ಖಾನೆ ಬಿಡುವ ಹೊತ್ತಿಗೆ ಗೇಟಿನ ಹೊರಗೆ ಸಿದ್ಧರಾಗಿರಬೇಕೆಂದು ಕೇಳಿಕೊಳ್ಳುತ್ತ,

ಇಷ್ಟೆಲ್ಲ ಆದ ಮೇಲೂ ತಮ್ಮ ವಿಶ್ವಾಸಿ,
ಮಹಾನಂದಾ

ತಾ.ಕ.: ಇದನ್ನು ಹೇಳಿದವಳು ಮಹಾನಂದಾ, ಬರೆದವಳು ಸವಿತಾ. ಪೂಜೆಯಾದ ಕೈ ಎಂದು ಅವಳು ಪೆನ್ನು ಮುಟ್ಟುತ್ತಿಲ್ಲ, ರೊಟ್ಟಿ ಬಡಿಯುತ್ತಿಲ್ಲ, ಪಾತ್ರೆ ತೊಳೆಯುತ್ತಿಲ್ಲ. ಉಣ್ಣುವುದಕ್ಕೆ ಮಾತ್ರ ಆ ಕೈಗೆ ವಿನಾಯಿತಿ ಇದೆಯಂತೆ. ಮಹಾಶಯರೇ, ಮುಂದಿನ ಸಲ ಚೈನು ಬೀಳಿಸುವುದಿದ್ದರೆ ದಯಮಾಡಿ ಹಬ್ಬವಿಲ್ಲದ ದಿನ ನೋಡಿ ಬೀಳಿಸಿ.