ಒಂದು ತಲೆ ಬೇಕಾಗಿದೆ

ಪರೀಕ್ಷೆಯ ದಿನ ಬೆಳಿಗ್ಗೆ ಬಾಗಿಲಲ್ಲಿ ಬಂದು ನಿಂತ ಭಾವಮೈದನನ್ನು ನೋಡಿ ಗೊಂಬೆಯಪ್ಪನ ಕೈಯಲ್ಲಿದ್ದ ಕಾಫಿ ಲೋಟ ವಾಲಿತು. ಭಾವಮೈದನ ತಲೆ ಆಗತಾನೇ ಉಜ್ಜಿ ತೊಳೆದಿಟ್ಟ ಪಾತ್ರೆಯ ಹಾಗೆ ಫಳಫಳ ಹೊಳೆಯುತ್ತಿತ್ತು.

"ಏನೋ ಇದು!"

"ದೊಡ್ಡೋರ ಮುಂದೆ ಕೂರ್ಬೇಕಲ್ಲ ಭಾವ, ನೀಟಾಗಿರ್ಲಿ ಅಂತ ನಿನ್ನೆ ಸಂಜೆ ತೆಗೆಸ್ಬಿಟ್ಟೆ."

"ಅಯ್ಯೋ ಪುಣ್ಯಾತ್ಮ, ನಿನ್ನ ತಲೇನೇ ಕಣೋ ನನ್ನ ಪರೀಕ್ಷೆ!"

ಗೊಂಬೆಯಪ್ಪ ಎಂಬುದು ಬೀದಿಯವರು ಇಟ್ಟ ಹೆಸರು. ಮದುವೆಗೆ ಮುಂಚಿನಿಂದಲೂ ಅವನು ಗೊಂಬೆ ಕಾರ್ಖಾನೆಯಲ್ಲಿದ್ದ. ಗೊಂಬೆಯ ತಲೆಗೆ ಕೂದಲು ಹೊಲಿದು, ಕತ್ತರಿಸಿ, ಬಾಚಿ, ಕೊನೆಗೆ ಆ ತಲೆಯನ್ನು ಕುತ್ತಿಗೆಗೆ ಸಿಕ್ಕಿಸಿ ಕಟಕ್ ಎಂದು ತಿರುವಿದರೆ ಕೆಲಸ ಮುಗಿಯಿತು. ಆಮೇಲೆ ಹಡಗುಗಟ್ಟಲೆ ಹೊರದೇಶದ ಗೊಂಬೆಗಳು ಬಂದವು. ಅವು ಹಾಡುತ್ತಿದ್ದವು, ಕಣ್ಣು ಮಿಟುಕಿಸುತ್ತಿದ್ದವು, ಬೆಲೆಯೋ ಅರ್ಧ. ಕಾರ್ಖಾನೆಗೆ ಬೀಗ ಬಿತ್ತು.

ಹೀಗೆ ಕೆಲಸ ಕಳೆದುಕೊಂಡವರಿಗೆ ಸರ್ಕಾರ ಬೇರೆ ಕಸುಬು ಕಲಿಸಿ, ಕಲಿಯುವಷ್ಟು ದಿನ ಮನೆ ನಡೆಸಲು ಭತ್ಯೆ ಕೊಡುತ್ತಿತ್ತು. ಕೂದಲಿನ ವಿಷಯ ಗೊತ್ತಿದ್ದವನೆಂದು ಇವನನ್ನು ಕ್ಷೌರದ ತರಗತಿಗೆ ಹಾಕಿದರು. ಇಷ್ಟು ದಿನ ವಿಗ್ಗಿನ ಮೇಲೆ ಕಲಿತದ್ದಾಯಿತು, ಇವತ್ತು ಜೀವ ಇರುವ ತಲೆ. ಪಾಸಾದರೆ ಕುರ್ಚಿ, ಕನ್ನಡಿ, ಮಾರುಕಟ್ಟೆಯಲ್ಲಿ ಒಂದು ಮಳಿಗೆ. ಫೇಲಾದರೆ ಭತ್ಯೆಯೂ ನಿಂತುಹೋಗುತ್ತದೆ. ಕತ್ತರಿಸಲು ತಲೆಯನ್ನು ಮಾತ್ರ ಅವರವರೇ ಹುಡುಕಿ ತರಬೇಕು.

ಗೊಂಬೆಯಪ್ಪ ಪಕ್ಕದ ಮನೆಯ ದರ್ಜಿಯ ಹತ್ತಿರ ಓಡಿದ.

"ಬಟ್ಟೆ ಕೆಟ್ರೆ ತೇಪೆ ಹಾಕ್ಬಹುದು ಕಣಪ್ಪ. ತಲೆ ಕೆಟ್ರೆ ತೇಪೆ ಎಲ್ಲಿಂದ ತರ್ಲಿ?" ಎಂದು ದರ್ಜಿ ಹೊಲಿಗೆ ಯಂತ್ರ ಜೋರಾಗಿ ತುಳಿಯತೊಡಗಿದ.

ದಿನಸಿ ಅಂಗಡಿಯವನ ಹೆಂಡತಿ "ಅವ್ರು ಊರಲ್ಲಿಲ್ಲ" ಎಂದಳು. ಅಕ್ಕಿ ಮೂಟೆಯ ಹಿಂದಿನಿಂದ ಅವನ ಎರಡು ಪಾದಗಳು ಇಣುಕುತ್ತಿದ್ದವು. ಮನೆಗೆ ಬಂದರೆ ಅತ್ತೆ ತುರುಬು ಬಿಚ್ಚಿಕೊಂಡು ಸಿದ್ಧರಾಗಿ ಕೂತಿದ್ದರು. "ನನ್ನ ತಲೇನೇ ತಗೊಳ್ಳಿ ಅಳಿಯಂದ್ರೆ, ಕೂದಲು ಮತ್ತೆ ಬೆಳೆಯುತ್ತೆ."

"ಗಂಡಸರ ಕ್ಷೌರ ಅತ್ತೆ!" ಎಂದು ಅವನು ಅವರಿಗೆ ಕೈಮುಗಿದ.

ಹೆಂಡತಿಗೆ ಥಟ್ಟನೆ ಹೊಳೆಯಿತು. "ರೀ, ಮೂಲೆ ಮನೆ ಡ್ರೈವರ್ ಮಾವನ್ನ ಕೇಳಿದ್ರಾ? ಅವ್ರ ತಲೇಲಿ ಹಕ್ಕಿ ಮೊಟ್ಟೆ ಇಟ್ರೂ ಗೊತ್ತಾಗಲ್ಲ."

ಡ್ರೈವರ್ ಮಾವ ಬಸ್ಸು ಓಡಿಸಿ ನಿವೃತ್ತರಾದವರು. ಬಲಗಡೆಯ ಕನ್ನಡಿ ನೋಡಿ ನೋಡಿ ಅವರ ಕತ್ತು ಬಲಕ್ಕೇ ನಿಂತುಬಿಟ್ಟಿತ್ತು. ಎದುರಿಗಿದ್ದವರನ್ನು ಮಾತಾಡಿಸಬೇಕಾದರೆ ಇಡೀ ಮೈಯನ್ನೇ ತಿರುಗಿಸಿ ನಿಲ್ಲುತ್ತಿದ್ದರು.

"ಬರ್ತೀನಿ ನಡಿಯಯ್ಯ. ಆದ್ರೆ ಕತ್ತಿನ ತಂಟೆಗೆ ಮಾತ್ರ ಹೋಗ್ಬೇಡ. ಡಾಕ್ಟ್ರೇ ಕೈಬಿಟ್ಟಿದ್ದಾರೆ."

ಪರೀಕ್ಷೆಯ ಕೋಣೆಯಲ್ಲಿ ಕತ್ತರಿ ಹಿಡಿದ ಮೇಲೆ ಗೊಂಬೆಯಪ್ಪ ಅತ್ತಿತ್ತ ನೋಡಲಿಲ್ಲ. ಕಾಡು ಕಡಿದು ತೋಟ ಮಾಡಿದ ಹಾಗೆ ಡ್ರೈವರ್ ಮಾವನ ಮುಖ ಹೊರಗೆ ಬಂತು. ಪರೀಕ್ಷಕರೂ ತಲೆದೂಗಿದರು. ಗೊಂಬೆಯಪ್ಪ ಕೊನೆಯ ಸಲ ಬಾಚಿ, ಸಮಾಧಾನದ ಉಸಿರು ಬಿಟ್ಟ. ಆಗ ಅವನ ಕೈಗಳು ಅವನನ್ನು ಕೇಳದೆ, ಇಷ್ಟು ವರ್ಷ ಮಾಡುತ್ತಿದ್ದುದನ್ನೇ ಮಾಡಿಬಿಟ್ಟವು. ಒಂದು ಗಲ್ಲದ ಕೆಳಗೆ, ಒಂದು ನೆತ್ತಿಯ ಮೇಲೆ.

ಕಟಕ್!

ಕೋಣೆಯಲ್ಲಿದ್ದ ಕತ್ತರಿಗಳೆಲ್ಲ ನಿಂತವು. ಪರೀಕ್ಷಕರು ಕೆಂಪು ಪೆನ್ನು ತೆಗೆದರು. ಡ್ರೈವರ್ ಮಾವ ಕಣ್ಣು ಮುಚ್ಚಿಕೊಂಡೇ ಇದ್ದು, ಆಮೇಲೆ ಮೆಲ್ಲಗೆ ತೆರೆದರು.

"ಅರೆ! ಎಡಗಡೆಗೂ ಒಂದು ಕಿಟಕಿ ಇದೆಯಲ್ಲೋ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಡ್ರೈವರ್ ಮಾವ ಅತ್ತ ಇತ್ತ ತಿರುಗಿ ತಿರುಗಿ ಎಲ್ಲರಿಗೂ ಕೈಮುಗಿದರು. ಪರೀಕ್ಷಕರು ಪೆನ್ನನ್ನು ಜೇಬಿಗೆ ಸಿಕ್ಕಿಸಿ, ಉಳಿದವರನ್ನು ಚಹಾಕ್ಕೆ ಕಳಿಸಿ, ತಾವೇ ಕುರ್ಚಿಯಲ್ಲಿ ಕೂತರು.

"ನನಗೂ ಒಂದ್ಸಲ ಮಾಡಪ್ಪ. ಬೆಳಿಗ್ಗೆ ಎದ್ರೆ ಈ ಪಕ್ಕ ಹಿಡ್ಕೊಂಡಿರುತ್ತೆ."

"ಸಾರ್, ಅದು ಹೇಗಾಯ್ತು ಅಂತ ನನಗೇ ಗೊತ್ತಿಲ್ಲ!"

"ನಿನ್ನ ಮಳಿಗೆಗೆ ಸಹಿ ಹಾಕೋ ತಲೆ ಈ ಕತ್ತಿನ ಮೇಲೇ ಕೂತಿರೋದು. ಹಿಡಿ."

ಗೊಂಬೆಯಪ್ಪ ಹಿಡಿದ. ಈ ಸಲ ಕೈಗಳ ಜೊತೆ ತಲೆಯೂ ಕೆಲಸ ಮಾಡಿತು, ಅದೇ ತಪ್ಪಾಯಿತು. ಕಟಕ್ ಎನ್ನುವ ಬದಲು ಹಳೆಯ ಬಾಗಿಲಿನ ಹಾಗೆ ಕಿರ್ರ್ ಎಂದಿತು. ಪರೀಕ್ಷಕರ ಮುಖ ಎಡಕ್ಕೆ ಹೋಗಿದ್ದು ಅಲ್ಲೇ ನಿಂತಿತು.

ಚಹಾಕ್ಕೆ ಹೋಗದೆ ಅಲ್ಲೇ ನಿಂತಿದ್ದ ಡ್ರೈವರ್ ಮಾವ ಅವರ ಭುಜ ಸವರಿದರು. "ಗಾಬರಿಯಾಗ್ಬೇಡಿ ಸಾರ್. ಮೊದಮೊದಲು ಕಷ್ಟ, ಆಮೇಲೆ ಅಭ್ಯಾಸ ಆಗಿಹೋಗುತ್ತೆ."

ಮಳಿಗೆ, ಕನ್ನಡಿ, ಕುರ್ಚಿ ಎಲ್ಲ ಕಣ್ಣೆದುರೇ ಕರಗಿಹೋದವು. ಗೊಂಬೆಯಪ್ಪ ಚೀಲ ಎತ್ತಿಕೊಂಡ. "ಫೇಲ್ ಅಂತ ಬರ್ಕೊಳ್ಳಿ ಸಾರ್. ತಪ್ಪಾಯ್ತು."

"ಎಲ್ಲಿಗೆ ಹೋಗ್ತೀಯ?" ಪರೀಕ್ಷಕರು ಗೋಡೆಗೆ ಗದರಿದರು. "ಫೇಲ್ ಮಾಡಿದ್ರೆ ಮನೆಗೆ ಹೋಗ್ತೀಯ, ಪಾಸ್ ಮಾಡಿದ್ರೆ ಅಂಗಡಿಗೆ ಹೋಗ್ತೀಯ. ನನ್ನ ಕತ್ತು ಸರಿ ಮಾಡೋರು ಯಾರು? ಇದು ನೆಟ್ಟಗಾಗೋವರೆಗೂ ನೀನು ಇಲ್ಲೇ ವಿದ್ಯಾರ್ಥಿ!"

ಮನೆಯಲ್ಲಿ ಹೆಂಡತಿ ಒದ್ದೆ ಕೈಯಲ್ಲೇ ಓಡಿಬಂದಳು. "ಪಾಸಾ, ಫೇಲಾ?"

"ಎರಡೂ ಅಲ್ಲ ಕಣೇ." ಅವನು ನಡೆದದ್ದೆಲ್ಲ ಹೇಳಿ ತಲೆ ತಗ್ಗಿಸಿದ. "ಅವ್ರ ಕತ್ತು ಸರಿಯಾಗೋವರೆಗೂ ಭತ್ಯೆ ಬರುತ್ತೆ. ಆಮೇಲೆ ಮತ್ತೆ ಪರೀಕ್ಷೆ."

ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಂದು ಗಳಿಗೆ ಯೋಚಿಸಿದಳು. ಮುಖ ಮೆಲ್ಲಗೆ ಅರಳಿತು.

"ಹಾಗಾದ್ರೆ ದಿನಾ ಒಂದ್ ಚೂರು ತಿರುಗಿಸ್ರೀ, ಸಾಕು. ಅವಸರ ಏನಿದೆ?"