ದೂರು ಇಲ್ಲದ ಕಿಟಕಿ

ತಪ್ಪೆಲ್ಲ ಫಿಟ್ಟರನದು. ಬೆಳಗ್ಗೆ ಒಂಬತ್ತಕ್ಕೆ ಬಂದವನು ಮನೆಗೆ ಒಂದು ಸುತ್ತು ಹಾಕಿ, "ನಾಲ್ಕು ಗಂಟೆಗೆ ಹೀಟ್ ಪಂಪ್ ತರ್ತೀನಿ. ಮನೆಯೊಳಗೆ ಸದ್ದು ಎಲ್ಲಿ ಕಮ್ಮಿ ಕೇಳುತ್ತೋ ಆ ಜಾಗ ನೋಡಿಟ್ಟಿರಿ. ಒಂದ್ಸಲ ಬೋಲ್ಟ್ ಹಾಕಿದ್ಮೇಲೆ ಬ್ರಹ್ಮ ಬಂದರೂ ಅಲ್ಲಾಡಿಸಲ್ಲ" ಅಂತ ಹೇಳಿ ಹೊರಟುಹೋದ.

ಹೀಟ್ ಪಂಪ್ ಅಂದರೆ ಕಪಾಟಿನಷ್ಟು ದೊಡ್ಡ ಪೆಟ್ಟಿಗೆ. ಮನೆಯ ಹೊರಗೆ ಕೂತು, ಫ್ಯಾನು ತಿರುಗಿಸಿ, ಗಾಳಿಯಲ್ಲಿರುವ ಬಿಸಿ ಹೀರಿ ಮನೆ ಬೆಚ್ಚಗಿಡುತ್ತದೆ, ನೀರು ಕಾಯಿಸುತ್ತದೆ. ತರಿಸುತ್ತಿದ್ದವನು ಬೇಕರಿಯಲ್ಲಿ ರಾತ್ರಿ ಪಾಳಿಯವನು. ರಾತ್ರಿಯಿಡೀ ಹಿಟ್ಟು ನಾದಿ ಹಗಲು ಮಲಗುವುದರಿಂದ ಬೀದಿಯವರು ಅವನಿಗೆ ಗೂಬೆ ಅಂತ ಹೆಸರಿಟ್ಟಿದ್ದರು. ಮಲಗುವುದು ಅಂತ ಹೆಸರಿಗಷ್ಟೇ. ಮಂಚದ ಪಕ್ಕದ ಗೋಡೆಯಲ್ಲಿದ್ದ ಹಳೇ ಬಾಯ್ಲರು ಹಗಲೆಲ್ಲ ಡಬ್ಬಿಯಲ್ಲಿ ಕಲ್ಲು ಹಾಕಿ ಕುಲುಕಿದ ಹಾಗೆ ಗಡಗಡ ಅನ್ನುತ್ತಿತ್ತು. ಹೋದ ವಾರ ಗೂಬೆ ಒಲೆಯ ಮುಂದೆ ನಿಂತಲ್ಲೇ ತೂಕಡಿಸಿ ನೂರು ಬ್ರೆಡ್ಡು ಕರಕಲಾಗಿದ್ದವು. ಇನ್ನೊಂದು ಸಲ ಹಾಗಾದರೆ ಕೆಲಸಕ್ಕೆ ಬರಲೇಬೇಡ ಅಂದಿದ್ದ ಮಾಲೀಕ. ರಾತ್ರಿ ಹತ್ತಕ್ಕೆಲ್ಲ ಹಾಸಿಗೆ ಸೇರುವ ಮಹಾನುಭಾವ, ಅವನಿಗೇನು. ಅದಕ್ಕೇ ಬಾಯ್ಲರು ಕಿತ್ತುಹಾಕಿ ಪಂಪು ಹಾಕಿಸುವುದು ಅಂತಾಗಿತ್ತು.

ಜಾಗ ಹುಡುಕುವ ಉಪಾಯ ಅತ್ತೆಯದು. "ಅಳಿಯಂದಿರು ಒಂದೊಂದು ಕಿಟಕಿ ಹೊರಗೆ ನಿಂತು ಗುಂಯ್ ಅನ್ನಲಿ. ನಾವು ನಮ್ಮ ನಮ್ಮ ಜಾಗದಲ್ಲಿ ಕೂತು ಕೇಳ್ತೀವಿ."

"ನಾನೇ ಯಾಕೆ? ಪಾಳಿ ಮುಗಿಸಿ ಈಗ ಬಂದಿದ್ದೀನಿ," ಅಂದ ಗೂಬೆ.

"ನಿಮ್ಮ ದನಿ ಮೊದಲೇ ಮಷೀನಿನ ಹಾಗಿದೆ ರೀ," ಅಂದಳು ಹೆಂಡತಿ.

ಮೊದಲು ನಡುಮನೆ ಕಿಟಕಿ. ಗೂಬೆ ಎದೆ ತುಂಬ ಉಸಿರೆಳೆದು ಗುಂಯ್ ಅಂದ. "ಟೀವಿಯವರು ಬಾಯಿ ಆಡಿಸೋದಷ್ಟೇ ಕಾಣ್ತಿದೆ. ಇಲ್ಲಿ ಬೇಡ," ಅಂದರು ಅತ್ತೆ.

ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು ಕಾಂಪೌಂಡಿನ ಮೇಲೆ ತಲೆ ತೋರಿಸಿದರು. "ಏನಯ್ಯಾ, ಹಲ್ಲು ನೋವಾ?"

"ಇಲ್ಲ ಸಾರ್. ಹೀಟ್ ಪಂಪು."

ವಿಷಯ ತಿಳಿದದ್ದೇ ತಡ, ಮೇಷ್ಟ್ರು ಕುರ್ಚಿ, ನೋಟ್‌ಬುಕ್ಕು, ಕೆಂಪು ಪೆನ್ನು ಸಮೇತ ಅಂಗಳಕ್ಕೇ ಬಂದರು. ಹತ್ತು ವರ್ಷದಿಂದ ಅಂಕ ಕೊಡಲು ಒಬ್ಬನೂ ಸಿಗದೆ ಅವರ ಕೈ ಕಡಿಯುತ್ತಿತ್ತು. "ಶ್ರುತಿ ಅಲ್ಲಾಡ್ತಾ ಇದೆ. ಮಷೀನು ಮಧ್ಯೆ ಮಧ್ಯೆ ಉಸಿರು ತಗೊಳ್ಳಲ್ಲ. ಹತ್ತಕ್ಕೆ ನಾಲ್ಕು."

ಅಡುಗೆಮನೆ ಕಿಟಕಿ. ಹೆಂಡತಿ ಫೋನು ಕೈಯಲ್ಲಿ ಹಿಡಿದೇ ಇಣುಕಿದಳು. "ಯಾವಾಗ ಎಮ್ಮೆ ತಗೊಂಡ್ರಿ ಅಂತ ಅಕ್ಕ ಕೇಳ್ತಿದ್ದಾಳೆ. ಇಲ್ಲಿ ಬೇಡ ರೀ."

ಆಮೇಲೆ ಭಾಮೈದನ ಕಿಟಕಿ. ಆರು ವರ್ಷದಿಂದ ಅವನು ಒಂದೇ ಪರೀಕ್ಷೆಗೆ ಓದುತ್ತಿದ್ದ. "ಭಾವ, ಈ ಸಲ ಫೇಲಾದರೆ ನಿಮ್ಮ ಹೆಸರೇ ಹೇಳ್ತೀನಿ ನೋಡಿ."

ಹೋದ ಐದು ಸಲ ಯಾರ ಹೆಸರು ಹೇಳಿದೆ ಅಂತ ಕೇಳಲು ಗೂಬೆಗೆ ಉಸಿರಿರಲಿಲ್ಲ. ಎರಡು ಗೋಡೆ ಸೇರುವ ಮೂಲೆಯಲ್ಲಿ ನಿಂತು ಗುಂಯ್ ಅಂದರೆ ಒಂದು ಸದ್ದು ಎರಡಾಗಿ, ಬೀದಿಯ ನಾಯಿಗಳೆಲ್ಲ ಉತ್ತರ ಕೊಟ್ಟವು. ಕೊನೆಗೆ ಅವನು, "ಮನೆಯಿಂದ ದೂರ, ಕಾಂಪೌಂಡ್ ಪಕ್ಕ ಇಡೋಣ," ಅಂದ.

ಮೇಷ್ಟ್ರು ಪೆನ್ನು ಕೆಳಗಿಟ್ಟರು. "ಕಾಂಪೌಂಡಿಗೆ ಆಚೆ ಮಗ್ಗಲೂ ಇದೆ ಕಣಯ್ಯಾ. ಅಲ್ಲಿ ನಾನು ಮಲಗೋದು."

ಉಳಿದದ್ದು ಹಿಂದಿನ ಕೋಣೆ. "ಅದು ನಾನು ಮಲಗೋ ಕಿಟಕಿ. ಬೇಡ," ಅಂದ ಗೂಬೆ. ಅಷ್ಟರಲ್ಲಿ ಅವನ ಗಂಟಲು ಹರಿದ ತಮಟೆಯಾಗಿತ್ತು.

"ನ್ಯಾಯ ಅಂದ್ರೆ ಎಲ್ಲರಿಗೂ ಒಂದೇ ಅಳಿಯಂದಿರೇ," ಅಂದರು ಅತ್ತೆ. "ನಮ್ಮೆಲ್ಲರ ಕಿಟಕಿ ಪರೀಕ್ಷೆ ಆಯ್ತು. ನಿಮ್ಮದೂ ಆಗಿಬಿಡ್ಲಿ. ಕೇಳಿಸಿದರೆ ಬೇಡ ಅಂದ್ರಾಯ್ತು."

ನಿದ್ದೆಗೆಟ್ಟ ತಲೆಗೆ ಅದೂ ಸರಿ ಅನ್ನಿಸಿತು. ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಹೋದರು. "ನಾನು ಹೇಳೋ ತನಕ ನಿಲ್ಲಿಸಬೇಡ," ಅಂದರು ಮೇಷ್ಟ್ರು. ಗೂಬೆ ತನ್ನ ಕಿಟಕಿಯ ಹೊರಗೆ ಗೋಡೆಗೊರಗಿ, ಕಣ್ಣು ಮುಚ್ಚಿ, ಉಳಿದಷ್ಟು ದನಿಯಲ್ಲಿ ಗುಂಯ್ ಅನ್ನತೊಡಗಿದ. ಮೇಷ್ಟ್ರು ಏನೋ ಕೂಗುತ್ತಿದ್ದದ್ದು ಬಾವಿಯೊಳಗಿಂದ ಬಂದ ಹಾಗೆ ಕೇಳಿಸಿತು. ಆಮೇಲೆ ಅದೂ ಕೇಳಿಸಲಿಲ್ಲ.

ಕಿವಿಯ ಪಕ್ಕ ಡ್ರಿಲ್ಲು ಕಿರುಚಿದಾಗಲೇ ಅವನಿಗೆ ಎಚ್ಚರವಾದದ್ದು. ನಾಲ್ಕೂವರೆ. ಫಿಟ್ಟರ್ ಬಂದಿದ್ದ. ಗೂಬೆಯ ಕಿಟಕಿಯ ಕೆಳಗೆ ಪೆಟ್ಟಿಗೆ ಕೂತಿತ್ತು. ಮೂರು ಬೋಲ್ಟು ಬಿದ್ದಾಗಿತ್ತು, ನಾಲ್ಕನೆಯದು ಬೀಳುತ್ತಿತ್ತು.

ಗೂಬೆ ಬೇಡ ಅನ್ನಲು ಬಾಯಿ ತೆರೆದ. "ಗುಂ" ಅಂತಷ್ಟೇ ಬಂತು.

"ಸಾಕು ಬಿಡಯ್ಯಾ, ಪರೀಕ್ಷೆ ಮುಗೀತು," ಅಂದರು ಮೇಷ್ಟ್ರು.

ಗೂಬೆ ಅವರ ಕೈಯಿಂದ ಪೆನ್ನು ಕಿತ್ತುಕೊಂಡು ನೋಟ್‌ಬುಕ್ಕಿನಲ್ಲಿ ಗೀಚಿದ: ಇಲ್ಲಿ ಬೇಡ, ಇದು ನಾನು ಮಲಗೋ ಜಾಗ. ಮೇಷ್ಟ್ರು ಕನ್ನಡಕ ಏರಿಸಿ ಓದಿದರು. "ಅಕ್ಷರ ದುಂಡಗಿಲ್ಲ," ಅಂದು, ಹಿಂದಿನ ಹಾಳೆ ತೆರೆದು ತೋರಿಸಿದರು. "ಇಲ್ಲಿ ನೋಡು. ನೀನು ಇಲ್ಲಿ ಗುಂಯ್ ಅಂದಾಗ ನಡುಮನೆ, ಅಡುಗೆಮನೆ, ಓದೋ ಕೋಣೆ, ಮೂರೂ ಕಡೆ ಕೇಳಿಸ್ತಿಲ್ಲ ಅಂದರು. ಹಿಂದಿನ ಕೋಣೇಗೂ ಮೂರು ಸಲ ಕೂಗಿ ಕೇಳಿದೆ. ಒಳಗಿಂದ ಒಬ್ಬರೂ ಉಸಿರು ಬಿಡಲಿಲ್ಲ." ಕೆಂಪು ಅಕ್ಷರದಲ್ಲಿ ಬರೆದಿತ್ತು: ದೂರು ಇಲ್ಲ. ಕೆಳಗೆ ಎರಡು ಗೆರೆ.

ಆ ಕೋಣೆಯಲ್ಲಿ ಕೂತು ದೂರು ಹೇಳಬೇಕಾದವನು ಹೊರಗೆ ಗೋಡೆಗೊರಗಿ ಗುಂಯ್ ಅನ್ನುತ್ತಿದ್ದ. ಅದು ಮೇಷ್ಟ್ರ ಲೆಕ್ಕಕ್ಕೆ ಬಂದಿರಲಿಲ್ಲ. ಅವನ ಲೆಕ್ಕಕ್ಕೂ ಬಂದಿರಲಿಲ್ಲ.

ಫಿಟ್ಟರ್ ಸ್ವಿಚ್ಚು ಹಾಕಿದ. "ಸದ್ದೇ ಇಲ್ವಲ್ಲೋ," ಅಂದರು ನಡುಮನೆಯಿಂದ ಅತ್ತೆ. ಭಾಮೈದ ಖುಷಿಯಿಂದ ಪುಸ್ತಕ ಮುಚ್ಚಿ ಮಲಗಿದ. ಹೆಂಡತಿ ಅಡುಗೆಮನೆಯಿಂದ ಹೇಳಿದಳು, "ಇನ್ನು ನೆಮ್ಮದಿಯಾಗಿ ಮಲಗಿ ರೀ. ಪಾಳಿಗೆ ಇನ್ನೂ ನಾಲ್ಕು ಗಂಟೆ ಇದೆ."

ಗೂಬೆ ಹೋಗಿ ಮಲಗಿದ. ತಲೆಯ ಹತ್ತಿರ, ಗೋಡೆಯಾಚೆ, ಗುಂಯ್ ಅಂತಿತ್ತು. ಅವನು ಕಿವಿಗೊಟ್ಟು ಕೇಳಿದ. ಅವನದೇ ಶ್ರುತಿ. ಮಧ್ಯೆ ಉಸಿರು ಮಾತ್ರ ತಗೊಳ್ಳುತ್ತಿರಲಿಲ್ಲ. ಹತ್ತಕ್ಕೆ ಹತ್ತು.