ತೆರೆದ ಗುಂಪು, ಮುಚ್ಚದ ಕಣ್ಣು

ಎಲ್ಲ ರಗಳೆಗೂ ಮೂಲ ಒಂದು ಹಾಸಿಗೆ. ಬೆಳ್ಳಂಬೆಳಗ್ಗೆ ಯಾರೋ ಅಪರಿಚಿತ ಅದನ್ನು ಪ್ಲಾಸ್ಟಿಕ್ಕಿನ ಸಮೇತ ಹೊತ್ತು ತಂದು ಮೇಲಿನ ಮನೆಯ ಸಂಗೀತದ ಟೀಚರ ಬಾಗಿಲಿಗೆ ಒರಗಿಸಿದ.

"ನಿಮಗೆ ಬೆನ್ನುನೋವಂತಲ್ಲ ಮೇಡಂ? ನಿಮ್ಮ ಕಟ್ಟಡದ ಗುಂಪಲ್ಲಿ ಓದಿದೆ. ಒಂದು ವಾರ ಮಲಗಿ ನೋಡಿ. ಹಿಡಿಸದಿದ್ರೆ ವಾಪಸ್ ಒಯ್ತೀನಿ."

ಟೀಚರು ತಾರಕದಲ್ಲಿ ಕಿರುಚಿದರು. ಅವನು ಗಾಬರಿಯಾಗಿ ಹಾಸಿಗೆಯನ್ನು ಕೆಳಗೆ ಮೆಟ್ಟಿಲ ತಿರುವಿನಲ್ಲಿ ಒರಗಿಸಿ ಕಾಲ್ಕಿತ್ತ. ಅಷ್ಟೂ ಬಾಗಿಲುಗಳು ತೆರೆದವು. "ಹಾಗಾದ್ರೆ ನಾವು ಗುಂಪಲ್ಲಿ ಬರೆದಿದ್ದನ್ನೆಲ್ಲ ಹೋಗೋರು ಬರೋರು ಓದ್ತಿದ್ದಾರಾ? ಯಾರ್ರೀ ಈ ಗುಂಪು ಮಾಡಿದ್ದು?"

ಮಾಡಿದವನು ಅದೇ ಹೊತ್ತಿಗೆ ಮೆಟ್ಟಿಲು ಹತ್ತಿ ಬರುತ್ತಿದ್ದ. ರಾತ್ರಿಯೆಲ್ಲ ಬೇಕರಿಯ ಒಲೆಯ ಮುಂದೆ ನಿಂತು, ಬೆಳಿಗ್ಗೆ ಮನೆಗೆ ಬಂದು ಮಲಗುವವನಾದ್ದರಿಂದ ಕಟ್ಟಡದವರೆಲ್ಲ ಅವನನ್ನು ಬೇಕರಿಯಪ್ಪ ಎಂದೇ ಕರೆಯುತ್ತಿದ್ದರು. ಹಗಲು ಮಲಗುವವನ ಕಷ್ಟ ರಾತ್ರಿ ಮಲಗುವವರಿಗೆ ತಿಳಿಯುವುದಿಲ್ಲ. ಹೊತ್ತು ಗೊತ್ತಿಲ್ಲದೆ ಬೆಲ್ ಒತ್ತಿ ಪ್ರಾಣ ತಿನ್ನುತ್ತಿದ್ದರು. ಅದಕ್ಕೇ ಅವನು ಒಂದು ದಿನ ಹಿಟ್ಟು ಉಬ್ಬುವ ತನಕ ಬಿಡುವು ಸಿಕ್ಕಾಗ ಮೊಬೈಲಿನಲ್ಲಿ ಕಟ್ಟಡದವರದೊಂದು ಗುಂಪು ಮಾಡಿ, 'ನಾನು ಹಗಲು ಮಲಗುತ್ತೇನೆ, ದಯವಿಟ್ಟು ಬೆಲ್ ಒತ್ತಬೇಡಿ' ಎಂದು ಮೊದಲ ಸಂದೇಶ ಹಾಕಿದ್ದ. ಗುಂಪು ಓದಲು, ಬರೆಯಲು ಎಲ್ಲರಿಗೂ ತೆರೆದಿರಬೇಕೋ ಸದಸ್ಯರಿಗೆ ಮಾತ್ರವೋ ಎಂದು ಮೊಬೈಲು ಕೇಳಿದಾಗ, ಹಿಟ್ಟು ಮೆತ್ತಿದ ಬೆರಳು ತಗುಲಿದ ಕಡೆ ಒತ್ತಿತ್ತು. ಮರುದಿನ ಎಲ್ಲ ಮನೆಯವರೂ ಒಬ್ಬೊಬ್ಬರಾಗಿ ಬಂದು ಬೆಲ್ ಒತ್ತಿ, ಸಂದೇಶ ಓದಿದೆವು, ಇನ್ನು ಒತ್ತುವುದಿಲ್ಲ ಎಂದು ಹೇಳಿ ಹೋಗಿದ್ದರು.

ಇವತ್ತಂತೂ ಅವನಿಗೆ ನಿದ್ದೆ ಬೇಕೇ ಬೇಕಿತ್ತು. ಹೋದ ವಾರ ಒಲೆಯ ಮುಂದೆ ನಿಂತಲ್ಲೇ ತೂಕಡಿಸಿ, ಒಲೆ ತುಂಬ ಇದ್ದ ಬನ್ನುಗಳನ್ನು ಇದ್ದಿಲು ಮಾಡಿದ್ದ. ಮಾಲೀಕರು ಒಂದು ಬನ್ನನ್ನು ಕೈಯಲ್ಲಿ ಹಿಡಿದು, "ಇನ್ನೊಂದು ಸಲ ಹೀಗಾದ್ರೆ ನೀನು ಮನೇಲೇ ಮಲ್ಕೊಂಡಿರು, ಇಲ್ಲಿಗೆ ಬರಬೇಡ" ಅಂದಿದ್ದರು. ಇವತ್ತು ರಾತ್ರಿ ದೊಡ್ಡ ಆರ್ಡರು ಬೇರೆ ಇತ್ತು. ಹಗಲು ಮಲಗದಿದ್ದರೆ ರಾತ್ರಿ ಕೆಲಸ ಹೋಗುವುದು ಖಂಡಿತ.

"ನಾನು ಮಲಗಿ ಎದ್ದ ಮೇಲೆ ನೋಡೋಣ" ಎಂದು ಅವನು ಹಾಸಿಗೆಯನ್ನು ಬಳಸಿ ಹೋಗಲು ನೋಡಿದ. ಎದುರು ಮನೆಯ ಸ್ಟೇಷನ್ ಮಾಸ್ಟರು ಕೈ ಅಡ್ಡ ಹಿಡಿದರು. ರಿಟೈರಾಗಿ ಎಷ್ಟೋ ಕಾಲವಾದರೂ ಅವರ ಕೈ ಮಾತ್ರ ಇನ್ನೂ ಬಾವುಟ ಹಿಡಿದ ಹಾಗೇ ಏಳುತ್ತಿತ್ತು.

"ಸಂಜೆ ನಿಮ್ಮನೇಲಿ ಸಭೆ. ಅಷ್ಟರೊಳಗೆ ನೀವು ಪ್ರತಿ ಮನೆಯವರ ಅಭಿಪ್ರಾಯ ಮುಖತಾ ಕೇಳಿ, ಗುಂಪು ತೆರೆದಿರಬೇಕೋ ಮುಚ್ಚಬೇಕೋ ತೀರ್ಮಾನ ಮಾಡಿ."

"ಮುಖತಾ ಯಾಕೆ ಸಾರ್? ಗುಂಪಲ್ಲೇ ಬರೀಲಿ."

"ಗುಂಪು ಮುಚ್ಚೋ ವಿಷಯ ತೆರೆದ ಗುಂಪಲ್ಲಿ ಮಾತಾಡ್ತಾರೇನ್ರೀ? ಊರೆಲ್ಲ ಓದಲ್ವಾ?"

ಬೇಕರಿಯಪ್ಪ ಅವರ ಕೈಯ ಅಡಿಯಲ್ಲಿ ನುಸುಳಿ ಮೇಲೆ ಹೋದ. ಮನೆಯೊಳಗೆ ಹೆಂಡತಿ ಪೋಸ್ಟಾಫೀಸಿಗೆ ಹೊರಟು ನಿಂತಿದ್ದಳು. "ನೀವು ನೆಮ್ಮದಿಯಾಗಿ ಮಲ್ಕೊಳ್ಳಿ. ಎಲ್ಲರಿಗೂ ಹೇಳಿದ್ದೀನಿ, ಯಾರೂ ನಿಮ್ಮನ್ನ ಎಬ್ಬಿಸಲ್ಲ."

"ಅಷ್ಟು ಬೇಗ ಹೇಗೆ ಹೇಳ್ದೆ?"

"ಹೇಳಿದ್ದೀನಿ ಅಂದ್ನಲ್ಲ, ಮಲ್ಕೊಳ್ಳಿ" ಎಂದು ಮೊಬೈಲನ್ನು ಚೀಲಕ್ಕೆ ಹಾಕಿಕೊಂಡು ಹೋದಳು.

ಕಣ್ಣು ಮುಚ್ಚಿತೋ ಇಲ್ಲವೋ, ಬೆಲ್ ಬಡಿದುಕೊಂಡಿತು. ಸಂಗೀತದ ಟೀಚರು.

"ಮಲಗಿದ್ರಾ? ಏಳ್ಬೇಡಿ, ಏಳ್ಬೇಡಿ, ಒಂದೇ ಮಾತು."

ಏಳದೆ ಬಾಗಿಲು ತೆಗೆಯುವುದು ಹೇಗೆಂದು ಅವನಿಗೆ ಈ ಜನ್ಮದಲ್ಲಿ ತಿಳಿಯಲಿಲ್ಲ.

"ಗುಂಪು ಮುಚ್ಚಿಬಿಡಿ. ಇವತ್ತು ಬೆನ್ನುನೋವಿಗೆ ಹಾಸಿಗೆ ಬಂತು. ನಾಳೆ ನಂಗೆ ಗ್ಯಾಸ್ ಆಗುತ್ತೆ ಅಂತ ಬರೆದಿದ್ದಕ್ಕೆ ಏನು ಬರುತ್ತೋ!"

"ಮುಚ್ಚಿದೆ" ಎಂದು ಅವನು ಅವರ ಮುಂದೆಯೇ ಒತ್ತಿ, ಬಾಗಿಲು ಹಾಕಿಕೊಂಡು ಹಾಸಿಗೆಗೆ ಬಿದ್ದ. ದಿಂಬು ಬೆಚ್ಚಗಾಗುವಷ್ಟರಲ್ಲಿ ಮತ್ತೆ ಬೆಲ್. ಕೆಳಗಿನ ಮನೆಯ ಹಲ್ಲಿನ ಡಾಕ್ಟರು, ಕೈಯಲ್ಲಿ ಗ್ಲೌಸು ಹಾಗೇ ಇತ್ತು.

"ಏನ್ರೀ ಇದು ಅನ್ಯಾಯ? ಟೀಚರು ಬಂದು ಒಂದು ಮಾತು ಹೇಳಿದ್ದೇ ತಡ ಮುಚ್ಚಿಬಿಟ್ರಂತೆ! ಆ ಗುಂಪು ನೋಡೇ ನನ್ನ ಕ್ಲಿನಿಕ್ಕಿಗೆ ಜನ ಬರೋದು. ಈಗಲೂ ಕೆಳಗೆ ಒಬ್ಬರು ಬಾಯಿ ತೆರ್ಕೊಂಡು ಕೂತಿದ್ದಾರೆ. ನೀವು ತೆಗೆಯೋ ತನಕ ನಾನು ಇಳಿಯಲ್ಲ."

ಆ ತೆರೆದ ಬಾಯಿಯನ್ನು ನೆನೆದೇ ಬೇಕರಿಯಪ್ಪನಿಗೆ ಆಕಳಿಕೆ ಬಂತು. ಒಂದರ ಹಿಂದೆ ಒಂದು ಮೂರು ಸಲ ಆಕಳಿಸಿ, ಗುಂಪನ್ನು ಮತ್ತೆ ತೆರೆದ. ಡಾಕ್ಟರು ಅಷ್ಟೂ ಹೊತ್ತು ಅವನ ಬಾಯೊಳಗೇ ನೋಡುತ್ತಿದ್ದು, "ಎಡಗಡೆ ಒಂದು ಹುಳುಕಾಗಿದೆ, ಬಿಡುವಾದಾಗ ಬನ್ನಿ" ಎಂದು ಇಳಿದು ಹೋದರು.

ಮೂರನೆಯ ಬೆಲ್ ಸ್ಟೇಷನ್ ಮಾಸ್ಟರದು.

"ಪಾಪ, ಡಾಕ್ಟರ ಮುಂದೆ ಮೂರು ಸಲ ಆಕಳಿಸಿದ್ರಂತೆ. ನಿಮಗೆ ನಿದ್ದೆ ಬೇಕು."

"ನಿಮಗೆ ಯಾರು ಹೇಳಿದ್ರು ಸಾರ್?"

"ಗೊತ್ತಾಯ್ತು ಬಿಡಿ" ಎಂದು ಅವರು ಕುರ್ಚಿ ಎಳೆದುಕೊಂಡು ಕೂತರು. "ನೋಡಿ, ಗೇಟು ಅಂದ್ಮೇಲೆ ತೆರೆದಿರ್ಬೇಕು, ಇಲ್ಲಾ ಮುಚ್ಚಿರ್ಬೇಕು. ನೀವು ತೆಗೆದು ಹಾಕಿ ತೆಗೆದು ಹಾಕಿ ಮಾಡಿದ್ರೆ ಗಾಡಿ ಗುದ್ದುತ್ತೆ. ಗುಂಪು ಮುಚ್ಚಿ. ಯಾರಾದ್ರೂ ಏನಾದ್ರೂ ಬರೀಬೇಕು ಅಂದ್ರೆ ಮೊದಲು ನಿಮ್ಮನ್ನ ಕೇಳ್ಬೇಕು. ನೀವು ಲೈನ್ ಕ್ಲಿಯರ್ ಕೊಡ್ಬೇಕು. ಆಮೇಲೆ ಅವರು ಬರೀಬೇಕು."

"ನಾನು ಮಲಗಿದ್ರೆ?"

"ಬಂದು ಎಬ್ಬಿಸ್ತಾರೆ. ಅದಕ್ಕೇನಂತೆ?"

ತಾವು ಕೆಲಸ ಮಾಡಿದ ಕಾಲದಲ್ಲಿ ಒಂದೇ ಒಂದು ಗಾಡಿಯೂ ಹಳಿ ತಪ್ಪದ ವೃತ್ತಾಂತವನ್ನು ವಿಸ್ತಾರವಾಗಿ ಹೇಳಿ ಅವರು ಎದ್ದರು. ಅವರು ಹೋದ ಕೂಡಲೇ ಫೋನು ಹೊಡೆದುಕೊಂಡಿತು. ಹೆಂಡತಿ.

"ರೀ, ಮಲಗಿದ್ರಾ?"

"ಮಲಗ್ತಾ ಇದ್ದೆ."

"ಸ್ಟೇಷನ್ ಮಾಸ್ಟರು ತುಂಬ ಹೊತ್ತು ಕೂತಿದ್ರಂತೆ. ಆಮೇಲಾದ್ರೂ ನಿದ್ದೆ ಬಂತೋ ಇಲ್ವೋ ಅಂತ ಮನಸ್ಸು ತಡೀಲಿಲ್ಲ."

ಪೋಸ್ಟಾಫೀಸಿನ ಕೌಂಟರಿನಲ್ಲಿ ಕೂತವಳಿಗೆ ಅದು ಹೇಗೆ ತಿಳಿಯಿತು ಎಂದು ಯೋಚಿಸುವ ಶಕ್ತಿ ಅವನ ತಲೆಗೆ ಉಳಿದಿರಲಿಲ್ಲ. ಮೊಬೈಲನ್ನು ಕಪಾಟಿನಲ್ಲಿ ಬಟ್ಟೆಗಳ ಅಡಿ ಹೂತಿಟ್ಟ. ಸ್ಟೂಲು ಹತ್ತಿ ಬೆಲ್ಲಿನ ತಂತಿ ಕಿತ್ತ. ಟೀಚರು ಬಾಗಿಲು ತಟ್ಟಿದರು: ದೂರದ ಊರಿನವರು ಯಾರೋ ಗುಂಪಿನಲ್ಲಿ ಅವರ ಹಾಡು ಕೇಳಿ ಪಾಠಕ್ಕೆ ಸೇರುತ್ತೇನೆ ಅಂದಿದ್ದಾರಂತೆ, ಆದ್ದರಿಂದ ದಯವಿಟ್ಟು ಮುಚ್ಚಬೇಡಿ. ಡಾಕ್ಟರು ತಟ್ಟಿದರು: ಹಲ್ಲು ಕಿತ್ತಾಗ ನೋವಾಯಿತು ಎಂದು ಆ ಬಾಯಿ ತೆರೆದಿದ್ದವರೇ ಗುಂಪಿನಲ್ಲಿ ಬರೆದಿದ್ದಾರಂತೆ, ಆದ್ದರಿಂದ ತಕ್ಷಣ ಮುಚ್ಚಿ.

ಬೇಕರಿಯಪ್ಪನಿಗೆ ರೇಗಿಹೋಯಿತು. ಈ ಮನೆಯಲ್ಲಿದ್ದರೆ ತನಗೆ ನಿದ್ದೆಯಿಲ್ಲ ಎಂದು ದಿಂಬನ್ನು ಕಂಕುಳಲ್ಲಿ ಇರುಕಿಕೊಂಡು ಹೊರಗೆ ಬಂದ. ಮೆಟ್ಟಿಲ ತಿರುವಿನಲ್ಲಿ ಆ ಹೊಸ ಹಾಸಿಗೆ ಇನ್ನೂ ಅನಾಥವಾಗಿ ಒರಗಿತ್ತು. ಹಿಂದು ಮುಂದು ನೋಡದೆ ಅದನ್ನು ಅಲ್ಲೇ ಕೆಡವಿ ಮಲಗಿದ. ಮಗ್ಗುಲು ಬದಲಿಸಿದಾಗಲೆಲ್ಲ ಪ್ಲಾಸ್ಟಿಕ್ಕು ಚರಚರ ಅನ್ನುತ್ತಿತ್ತು. ಆದರೂ ನಿದ್ದೆ ಬಂತು. ಎಂಥ ನಿದ್ದೆ ಅಂದರೆ, ಬಾಯಿ ತೆರೆದು, ಒಂದು ಕೈ ಮೆಟ್ಟಿಲಿಂದ ಕೆಳಗೆ ಜೋತುಬಿದ್ದು, ಲೋಕದ ಪರಿವೆಯಿಲ್ಲದ ನಿದ್ದೆ.

"ಹೇಗಿದೆ ಸಾರ್ ಹಾಸಿಗೆ?"

ಹಾಸಿಗೆಯವನು ತನ್ನ ಮಾಲು ಏನಾಯಿತೆಂದು ನೋಡಲು ಬಂದಿದ್ದ. ಬೇಕರಿಯಪ್ಪ ಕಣ್ಣು ಬಿಡುವಷ್ಟರಲ್ಲಿ ಫೋಟೋ ಹೊಡೆದು, 'ಮೆಟ್ಟಿಲ ಮೇಲೂ ಸುಖನಿದ್ದೆ' ಎಂಬ ಒಕ್ಕಣೆಯೊಂದಿಗೆ ತೆರೆದ ಗುಂಪಿಗೆ ಹಾಕಿಯೂ ಆಗಿತ್ತು. ಬೇಕರಿಯಪ್ಪ ದಿಂಬು ಎಸೆದ. ಅದು ಹಾಸಿಗೆಯವನಿಗೆ ತಗುಲದೆ, ಆಗತಾನೆ ಕೆಲಸ ಮುಗಿಸಿ ಮೆಟ್ಟಿಲು ಹತ್ತುತ್ತಿದ್ದ ಹೆಂಡತಿಗೆ ತಗುಲಿತು.

ಸಂಜೆ ಅವನದೇ ಕೋಣೆಯಲ್ಲಿ ಸಭೆ ಕೂಡಿತು. ಕೆಲಸಕ್ಕೆ ಹೊರಡುವ ಹೊತ್ತು ಹತ್ತಿರವಾಗಿತ್ತು. ಕಣ್ಣು ಕೆಂಡವಾಗಿದ್ದ ಬೇಕರಿಯಪ್ಪ ಯಾರಿಗೂ ಮಾತಾಡಲು ಬಿಡಲಿಲ್ಲ.

"ಗುಂಪು ಮುಚ್ಚಿದೆ. ಅಡ್ಮಿನ್ ಕೆಲಸ ಸ್ಟೇಷನ್ ಮಾಸ್ಟರಿಗೆ ಕೊಟ್ಟೆ. ನಾನು ಹೊರಗೆ ಬಂದೆ. ಇಷ್ಟು ವರ್ಷ ದುಡಿದ ಕೆಲಸ ಇವತ್ತು ರಾತ್ರಿ ಹೋಗುತ್ತೆ. ನಿಮ್ಮಲ್ಲಿ ಒಬ್ಬರಿಗಾದ್ರೂ, ಇವನು ಮಲಗ್ಲಿ ಅಂತ ಅನ್ನಿಸ್ಲಿಲ್ವಲ್ಲ!" ಎನ್ನುವಾಗ ಅವನ ದನಿ ನಿಜಕ್ಕೂ ಒಡೆಯಿತು.

ಟೀಚರಿಗಂತೂ ಅಳುವೇ ಬಂತು. "ಎಂಥ ಮಾತಾಡ್ತೀರಿ! ಬೆಳಗಿಂದ ನಮಗೆ ಅದೇ ಯೋಚನೆ. ತೋರ್ಸಮ್ಮ ಅವರಿಗೆ."

ಹೆಂಡತಿ ತನ್ನ ಮೊಬೈಲು ಮುಂದೆ ಹಿಡಿದಳು. ಅದರಲ್ಲಿ ಬೇರೊಂದು ಗುಂಪು, ಸದಸ್ಯರಿಗೆ ಮಾತ್ರ. ಹೆಸರು, 'ಬೇಕರಿಯಪ್ಪನ ನಿದ್ದೆ ಕೆಡಿಸಬೇಡಿ'. ತಿಂಗಳುಗಳಿಂದ ನಡೆಯುತ್ತಿತ್ತು. ಅವನೊಬ್ಬನನ್ನು ಬಿಟ್ಟು ಎಲ್ಲರೂ ಅದರಲ್ಲಿದ್ದರು.

'ಮಲಗಿದ್ದಾರಾ?' 'ನೋಡಿ ಬರ್ತೀನಿ ಇರಿ.' 'ಎದ್ದಿದ್ದಾರೆ. ಬೆಲ್ ಒತ್ತಿದ ತಕ್ಷಣ ಬಾಗಿಲು ತೆಗೆದರು.' 'ಪಾಪ, ಯಾಕೆ ನಿದ್ದೆ ಬರ್ತಿಲ್ವೋ?' 'ಮೂರು ಸಲ ಆಕಳಿಸಿದರು, ಯಾರಾದರೂ ಹೋಗಿ ಮಲಗಲು ಹೇಳಿ.' 'ನಾನು ಹೋಗ್ತೀನಿ.' 'ಬೆಲ್ ಕೆಟ್ಟಿದೆ, ಬಾಗಿಲು ತಟ್ಟಿ.'

ಬೇಕರಿಯಪ್ಪ ಓದುತ್ತಾ ಓದುತ್ತಾ ಕೂತಲ್ಲೇ ಕುಸಿದ. ಅಷ್ಟರಲ್ಲಿ ಕೆಳಗೆ ಹೊಸ ಸಂದೇಶವೊಂದು ಬಂದು ಬಿತ್ತು. ಬೇಕರಿಯ ಮಾಲೀಕರದು. ಗಂಡನ ಕಷ್ಟ ಅವರಿಗೂ ತಿಳಿಯಲಿ ಎಂದು ಹೆಂಡತಿ ಅವರನ್ನೂ ಸೇರಿಸಿದ್ದಳು.

'ಎರಡು ಗುಂಪೂ ನೋಡಿದೆ. ಮೆಟ್ಟಿಲ ಮೇಲಿನ ಫೋಟೋನೂ ನೋಡಿದೆ. ಇವನ ಕೈಗೆ ಇನ್ನು ಒಲೆ ಕೊಡಲ್ಲ. ಕೆಲಸಕ್ಕೇನೂ ತೊಂದರೆಯಿಲ್ಲ. ನಾಳೆಯಿಂದ ಹಗಲು ಪಾಳಿ, ಕೌಂಟರಿನಲ್ಲಿ. ಇವತ್ತು ರಾತ್ರಿ ಮನೆಯಲ್ಲೇ ಮಲಗಲಿ.'

ಕೆಲಸ ಉಳಿದಿತ್ತು! ಲೋಕದ ಎಲ್ಲ ಮನುಷ್ಯರ ಹಾಗೆ ಇನ್ನು ರಾತ್ರಿ ಮಲಗಬಹುದು! ಬೇಕರಿಯಪ್ಪ ಎದ್ದು ಡಾಕ್ಟರನ್ನು ತಬ್ಬಿಕೊಂಡ, ಸ್ಟೇಷನ್ ಮಾಸ್ಟರ ಕೈ ಕುಲುಕಿದ, ಬೆಳಗಿನಿಂದ ಬೈದುಕೊಂಡಿದ್ದನ್ನೆಲ್ಲ ಮನಸ್ಸಿನಲ್ಲೇ ವಾಪಸು ತೆಗೆದುಕೊಂಡ.

"ಬಹಳ ಸಂತೋಷ" ಎಂದರು ಸ್ಟೇಷನ್ ಮಾಸ್ಟರು. "ಇನ್ನು ಹಗಲು ಇವರು ಮನೇಲಿರಲ್ಲ, ನಾವು ಎಬ್ಬಿಸೋ ಪ್ರಶ್ನೇನೇ ಇಲ್ಲ. ಏನೇ ಮಾತಿದ್ರೂ ರಾತ್ರಿ ಊಟ ಆದ್ಮೇಲೆ ನಿಧಾನವಾಗಿ ಬಂದು ಕೂತ್ಕೋಬಹುದು."

"ನಂಗೂ ಅದೇ ಅನುಕೂಲ, ಅಷ್ಟು ಹೊತ್ತಿಗೆ ಕ್ಲಿನಿಕ್ ಮುಚ್ಚಿರ್ತೀನಿ" ಎಂದರು ಡಾಕ್ಟರು.

"ಹಾಗಾದ್ರೆ ಇವತ್ತೇ ಬರೋಣ" ಎಂದರು ಟೀಚರು. "ಈ ಎರಡನೇ ಗುಂಪಿಂದು ಇನ್ನೂ ತೀರ್ಮಾನ ಆಗಿಲ್ವಲ್ಲ, ತೆರೆಯೋದಾ ಹೀಗೇ ಮುಚ್ಚಿರೋದಾ ಅಂತ. ಇದಕ್ಕೆ ಅಡ್ಮಿನ್ ಯಾರು?"

"ಇವರನ್ನೇ ಮಾಡಿಬಿಟ್ಟೆ" ಎಂದಳು ಹೆಂಡತಿ, ಮೊಬೈಲಿನಿಂದ ತಲೆಯೆತ್ತಿ. "ಅವರ ನಿದ್ದೆ ವಿಷಯ, ಅವರೇ ನೋಡ್ಕೊಳ್ಲಿ."

ಹೊರಡುವಾಗ ಸ್ಟೇಷನ್ ಮಾಸ್ಟರು ಬಾಗಿಲ ಬಳಿ ನಿಂತು ಮೇಲೆ ನೋಡಿದರು. ಸ್ಟೂಲು ತರಿಸಿ, ಹತ್ತಿ, ಕಿತ್ತಿದ್ದ ತಂತಿಯನ್ನು ಜೋಪಾನವಾಗಿ ಸೇರಿಸಿದರು. ಆಮೇಲೆ ಇಳಿದು ಹೊರಗೆ ಹೋಗಿ, ಸರಿಯಾಯಿತೋ ಇಲ್ಲವೋ ನೋಡಲು ಒಮ್ಮೆ ಉದ್ದಕ್ಕೆ ಒತ್ತಿದರು.